ಅಡುಗೆಮನೆಯ ಅರ್ಧ ಮಾತು

ನಾನು ದರ್ಜಿ. ಹಾಗಾಗಿ ನನ್ನ ಮಾತನ್ನು ನಂಬುವವರು ನಮ್ಮ ಊರಿನಲ್ಲಿ ಕಡಿಮೆ. ಆದರೂ ಈ ಕಥೆಗೆ ನಾನು ಬೇಕೇ ಬೇಕು. ಏಕೆ ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ. ನನ್ನ ಅಂಗಡಿಯ ಎದುರಿಗೇ ಚೆಲುವಾಜಮ್ಮನ ಮೆಸ್ಸು. ನಾನು ಹೊಲಿಗೆ ಮಿಷನ್ನಿನ ಮುಂದೆ ಕುಳಿತರೆ ಅವಳ ಒಲೆ ಕಾಣುತ್ತದೆ. ಅವಳು ಒಲೆಯ ಮುಂದೆ ನಿಂತರೆ ನಾನು ಕೆಲಸ ಮಾಡದೆ ಕುಳಿತಿರುವುದು ಕಾಣುತ್ತದೆ.

ನಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ, ಹೊಂಗೆ ಹೂವು ಉದುರುವ ಕಾಲಕ್ಕೆ, ಮಾತು ಹೋಗುತ್ತದೆ. ಗುಡ್ಡದ ಕಡೆಯಿಂದ ಒಂದು ಗಾಳಿ ಬರುತ್ತದೆ, ಬೀದಿಯಲ್ಲಿ ಬಿದ್ದ ಹೂವೆಲ್ಲ ಒಂದು ಸುತ್ತು ಸುತ್ತುತ್ತದೆ, ಅಷ್ಟರಲ್ಲಿ ಎಲ್ಲರ ಬಾಯಿಯೂ ಖಾಲಿ. ಅಕ್ಷರವೂ ಹೋಗುತ್ತದೆ. ಅಂಗಡಿಯ ಬೋರ್ಡು ನೋಡಿದರೆ ಇರುವೆ ಸಾಲು ನೋಡಿದ ಹಾಗಿರುತ್ತದೆ. ಇದಕ್ಕೆ ನಾವು ಒಗ್ಗಿಕೊಂಡುಬಿಟ್ಟಿದ್ದೇವೆ. ಶಾಲೆಗೆ ಆಗಲೇ ರಜೆ ಕೊಡುತ್ತಾರೆ. ಪರ ಊರಿನ ಬಸ್ಸು ಬಂದರೆ ಕಂಡಕ್ಟರು ಸೀಟಿ ಊದುತ್ತಾನೆ, ನಾವೂ ತಿರುಗಿ ಊದುತ್ತೇವೆ. ಹೊಸದಾಗಿ ಮದುವೆಯಾದವರು ಆ ದಿನಗಳಲ್ಲಿ ಬಹಳ ಅನ್ಯೋನ್ಯವಾಗಿರುತ್ತಾರೆ, ಹಳಬರು ಇನ್ನೂ ಹೆಚ್ಚು. ಕಾಫಿಪುಡಿ ಅಂಗಡಿಯ ಗಿಳಿಗೆ ಮಾತ್ರ ಏನೂ ಆಗುವುದಿಲ್ಲ. ಮಾಲೀಕ ಬಾಯಿ ಬಿಗಿದುಕೊಂಡು ಕುಳಿತಿದ್ದರೆ ಅದು ಸಭೆಯ ಅಧ್ಯಕ್ಷರ ಹಾಗೆ ದಿನವಿಡೀ ಮಾತಾಡುತ್ತಿರುತ್ತದೆ. ಯಾರಿಗೂ ಅರ್ಥವಾಗುವುದಿಲ್ಲ, ಆದರೂ ಎಲ್ಲರೂ ನಿಂತು ಗೌರವದಿಂದ ಕೇಳುತ್ತಾರೆ.

ಹೋದ ಮಾತು ಒಟ್ಟಿಗೆ ಬರುವುದಿಲ್ಲ, ಸರದಿಯ ಪ್ರಕಾರ ಬರುತ್ತದೆ. ಮೊದಲು ಬರೀ ಕೂಗು, ಹೂಂಕಾರ, ನಾಲಿಗೆಯ ಲೊಚಗುಟ್ಟುವಿಕೆ. ಆಮೇಲೆ ಕೈಸನ್ನೆ. ಹೋದ ವರ್ಷದ ಸನ್ನೆ ಯಾರಿಗೂ ನೆನಪಿರುವುದಿಲ್ಲ, ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟಿಕೊಳ್ಳುತ್ತಿರುವಾಗಲೇ ಒಂದು ದಿನ ಯಾರದೋ ಬಾಯಿಂದ ಆ ವರ್ಷದ ಮೊದಲನೇ ಮಾತು ಬೀಳುತ್ತದೆ. ಅದಾದ ಮೇಲೆ ಹೆಸರುಗಳು: ನೀರು, ಬೆಂಕಿ, ಅವ್ವ. ಆಮೇಲೆ ತಾ, ಬಾ, ಹೋಗು. ನಿನ್ನೆ ನಾಳೆಗಳು ಬರುವಷ್ಟರಲ್ಲಿ ಊರು ಮತ್ತೆ ಗಲಗಲ ಎನ್ನುತ್ತಿರುತ್ತದೆ. ಎಲ್ಲಕ್ಕಿಂತ ಕೊನೆಗೆ ಬರುವುದು ಸುಳ್ಳು. ಇಲ್ಲದ್ದನ್ನು ಇದೆ ಎನ್ನುವುದು ಕಷ್ಟದ ಕೆಲಸ, ನಾಲಿಗೆ ಪೂರ್ತಿ ಪಳಗಿದ ಮೇಲೆಯೇ ಅದು ಸಾಧ್ಯ. ಹೊಗಳಿಕೆ, ಕಟ್ಟುಕಥೆ, ಭಾಷಣ ಎಲ್ಲ ಅದರ ಜೊತೆಗೇ ಬರುತ್ತವೆ. ನಮ್ಮ ಊರಿನ ಮುಖಂಡರು ಅಲ್ಲಿಯವರೆಗೂ ಮೂಕರಾಗಿಯೇ ಇರುತ್ತಾರೆ. ಸುಳ್ಳು ಬಂತೋ ಇಲ್ಲವೋ ಎಂದು ತಿಳಿಯಬೇಕಾದರೆ ಜನ ನನ್ನ ಅಂಗಡಿಗೆ ಬಂದು, ರವಿಕೆ ಯಾವಾಗ ಕೊಡ್ತೀಯ ಎಂದು ಕೇಳುತ್ತಾರೆ. ನಾನು "ನಾಳೆ ಖಂಡಿತ" ಎಂದ ದಿನ ಸುಳ್ಳು ಬಂತೆಂದು ಊರಿಗೆಲ್ಲ ಡಂಗುರ.

ಮೊದಲನೇ ಮಾತು ಆಡಿದವರನ್ನು ಕಟ್ಟೆಯ ಮೇಲೆ ಕೂರಿಸಿ ರುಮಾಲು ಸುತ್ತುತ್ತಾರೆ. ಇದಕ್ಕೆ ಬೀದಿಬೀದಿಗೂ ಪೈಪೋಟಿ. ಮನುಷ್ಯನ ಬಾಯಿಗೆ ಮೊಟ್ಟಮೊದಲು ಮಾತು ಬಂದದ್ದು ಹೇಗೆ ಎಂಬ ಬಗ್ಗೆ ಪ್ರತಿ ಬೀದಿಗೂ ಒಂದು ಖಚಿತ ಅಭಿಪ್ರಾಯವಿದೆ. ಭಾರ ಎತ್ತುವಾಗ ಎಲ್ಲರೂ ಒಟ್ಟಿಗೆ ಹಾಕಿದ ಕೂಗಿನಿಂದಲೇ ಮಾತು ಹುಟ್ಟಿತು ಎಂದು ಹಮಾಲರ ಬೀದಿ ಹೇಳುತ್ತದೆ. ಅಳುವ ಕೂಸನ್ನು ಸುಮ್ಮನಿರಿಸಿದ್ದರಿಂದ ಎಂದು ಬಾಣಂತಿಯರ ಕಡೆಯವರು. ಹುಲಿ ಬಂತು ಎಂದು ಕೂಗಿದ್ದರಿಂದ ಎಂದು ಕಾವಲುಗಾರರು. ನಾನು ದರ್ಜಿಯಾದ್ದರಿಂದ, ನೆಪ ಹೇಳಬೇಕಾಗಿ ಬಂದದ್ದರಿಂದ ಎಂದು ನನ್ನ ಅಭಿಪ್ರಾಯ. ಅದನ್ನು ಯಾರೂ ಕೇಳುವುದಿಲ್ಲ.

ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ನಮ್ಮಲ್ಲಿ ಅರ್ಧ ಮಾತಿನ ಕಟ್ಟಳೆ ಅಂತ ಒಂದಿದೆ. ಗಾಳಿ ಬಂದ ಹೊತ್ತಿನಲ್ಲಿ ಯಾರಾದರೂ ಏನಾದರೂ ಹೇಳುತ್ತಿದ್ದು, ಮಾತು ಮುಗಿಯದೆ, ಉತ್ತರವೂ ಸಿಗದೆ ನಿಂತುಬಿಟ್ಟರೆ ಅದು ಅರ್ಧ ಮಾತು. ನಾಲಿಗೆ ತಿರುಗಿ ಬಂದ ಮೇಲೆ, ಅವತ್ತು ಕೇಳಿದವರ ಎದುರಿಗೇ ಅದನ್ನು ಮುಗಿಸಬೇಕು. ಅವತ್ತು ನಾಲಿಗೆಯ ಮೇಲೆ ಏನಿತ್ತೋ ಅದನ್ನೇ ಹೇಳಬೇಕು, ಸುಳ್ಳು ಬರುವ ಮೊದಲೇ ಹೇಳಬೇಕು. ಹೇಳಿದ ಮೇಲೆ ಆಡಿದವರೂ ಕೇಳಿದವರೂ ಅದಕ್ಕೆ ಕಟ್ಟುಬಿದ್ದಂತೆ. ಹಿಂದೆ ಅಕ್ಕಸಾಲಿಗರ ಮಾದಾಚಾರಿ ಪಕ್ಕದ ಮನೆಯವರಿಗೆ "ನನ್ನ ಮಗಳನ್ನ ನಿಮ್ಮ ಹುಡುಗನಿಗೆ" ಎನ್ನುವಷ್ಟರಲ್ಲಿ ಗಾಳಿ ಬಂತು. ಹುಡುಗನ ಮನೆಯವರು ಮೂಕಸನ್ನೆಯಲ್ಲೇ ಚಪ್ಪರಕ್ಕೆ ಬಿದಿರಿನ ಗಳು ತರಿಸಿದರು. ಮಾತು ಬಂದ ಮೇಲೆ ಆಚಾರಿ "ಕೊಡಲ್ಲ" ಎಂದು ಮುಗಿಸಿದ. ಆ ಗಳುಗಳಲ್ಲಿ ಆಮೇಲೆ ದನದ ಕೊಟ್ಟಿಗೆ ಕಟ್ಟಿಕೊಂಡರು. ಅದಕ್ಕೇ ಹೊಂಗೆ ಹೂವು ಬಿದ್ದ ಕೂಡಲೇ ನಮ್ಮ ಊರಿನಲ್ಲಿ ಯಾರೂ ಉದ್ದ ಮಾತಾಡುವುದಿಲ್ಲ. ಊಟ ಆಯ್ತಾ, ಆಯ್ತು, ಅಷ್ಟೇ.

ಚೆಲುವಾಜಮ್ಮನಿಗೆ ಗಿಡ್ಡ ಮಾತು ಬಾರದು. ಉಪ್ಪು ಕಡಿಮೆ ಎನ್ನಬೇಕಾದರೂ ಅವಳು ಸಮುದ್ರದಿಂದ ಶುರು ಮಾಡುವವಳು. ಗಂಡ ಹೋದ ಮೇಲೆ ಮೆಸ್ಸು ಹಾಕಿದಳು. ಹೊಳೆಯಾಚೆಯಿಂದ ಬಂದ ಹೊನ್ನಾಜಿ ಅವಳ ಜೊತೆ ಸೇರಿದಳು. ಅವಳಿಗೂ ಹಿಂದೆ ಮುಂದೆ ಯಾರೂ ಇರಲಿಲ್ಲ. ಮೆಸ್ಸಿನ ಹೆಸರು ಚೆಲುವಾಜಮ್ಮನದು, ಮಾತು ಚೆಲುವಾಜಮ್ಮನದು, ಅರ್ಧ ಕೆಲಸ ಹೊನ್ನಾಜಿಯದು. ಇಬ್ಬರ ತಲೆಯೂ ಆ ಒಲೆಯ ಮುಂದೆಯೇ ನರೆತಿತ್ತು.

ಜಗಳ ಬೆಲ್ಲದಿಂದ ಶುರುವಾಯಿತು. ಹೊಳೆಯಾಚೆಯವರು ಸಾರಿಗೆ ಚೂರು ಬೆಲ್ಲ ಹಾಕುತ್ತಾರೆ. ಚೆಲುವಾಜಮ್ಮನ ಪ್ರಕಾರ ಅದು ಸಾರಲ್ಲ, ಪಾಯಸಕ್ಕೆ ಬಂದ ಕಾಯಿಲೆ. ಒಂದು ವರ್ಷ ಹೂವು ಉದುರುವ ಕಾಲದಲ್ಲಿ, ಅವಳು ಅಂಗಡಿಗೆ ಹೋಗಿದ್ದಾಗ ಹೊನ್ನಾಜಿ ತನ್ನ ಕೈಚಳಕ ತೋರಿಸಿಬಿಟ್ಟಿದ್ದಳು. ಮಧ್ಯಾಹ್ನ ಊಟಕ್ಕೆ ಬಂದ, ಕಟ್ಟೆಯಲ್ಲಿ ನ್ಯಾಯ ಹೇಳುವ ಹಿರಿಯರು ಮರಿಗೌಡರು, "ಇವತ್ತು ಸಾರು ಯಾರದವ್ವ? ಇಷ್ಟು ವರ್ಷದಲ್ಲಿ ಇಂಥ ಸಾರು ಉಂಡಿರ್ನಿಲ್ಲ" ಎಂದರು. ಬೆಲ್ಲವನ್ನು ಚೆಲುವಾಜಮ್ಮ ಹೇಗೋ ನುಂಗಿಕೊಳ್ಳುತ್ತಿದ್ದಳು, ಈ ಮಾತನ್ನು ನುಂಗಲಾಗಲಿಲ್ಲ. ಸೌಟು ಹಿಡಿದುಕೊಂಡೇ ಶುರು ಮಾಡಿದಳು. ಬೀದಿಯಲ್ಲಿ ಹೂವು ಬಿದ್ದಿರುವುದು ಅವಳಿಗೂ ಗೊತ್ತಿತ್ತು. ಅಲ್ಲೇ ಉಣ್ಣುತ್ತಿದ್ದ ನಾನು ಕೈಯಲ್ಲಿ ಮುದ್ದೆ ಹಿಡಿದುಕೊಂಡೇ ಸಾಕು ಸಾಕು ಎಂದು ಸನ್ನೆ ಮಾಡಿದೆ. ಅವಳು ನೋಡಲಿಲ್ಲ.

"ನಿನ್ನ ನಂಬಿ ಮನೆ ಬಿಟ್ಟು ಹೋದ್ನಲ್ಲ, ನಂದು ತಪ್ಪು. ಇಷ್ಟು ದಿನ ಸೈಸ್ಕಂಡಿವ್ನಿ. ನೋಡು ಹೊನ್ನಿ, ನಾಳೆಯಿಂದ ನೀನು ನನ್ನ ಅಡುಗೆಮನೆಗೆ"

ಗಾಳಿ ಬಂತು. ಹೂವು ಸುತ್ತಿತು. ಚೆಲುವಾಜಮ್ಮನ ಬಾಯಿ ತೆರೆದೇ ಇತ್ತು, ಒಳಗಿಂದ ಏನೂ ಬರಲಿಲ್ಲ. ಮರಿಗೌಡರು ಅಯ್ಯೋ ಎನ್ನಲು ಹೋಗಿ ಹಸುವಿನ ಹಾಗೆ ಒಂದು ಸದ್ದು ಮಾಡಿದರು. ಹೊನ್ನಾಜಿ ಬೆಲ್ಲದ ಡಬ್ಬದ ಮುಚ್ಚಳ ಹಾಕಿ, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಹಿಂದಿನ ಬಾಗಿಲಿನಿಂದ ಹೋದಳು.

ಮಾರನೆಯ ಬೆಳಗ್ಗೆ ಚೆಲುವಾಜಮ್ಮ ಎದ್ದು ಹಿತ್ತಲ ಬಾಗಿಲು ತೆಗೆದಾಗ ಹೊನ್ನಾಜಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತಿದ್ದಳು. ಎಂದಿನಂತೆ ಒಳಗೆ ಬರಲಿಲ್ಲ. ಬರುವುದು ಹೇಗೆ, ಅರ್ಧ ಮಾತು ಹೊಸಲಿನ ಮೇಲೆ ಕುಳಿತಿತ್ತು. ಚೆಲುವಾಜಮ್ಮ ಮುಖ ತಿರುಗಿಸಿದಳು. ಹಿಟ್ಟು ಉಬ್ಬಿ ಪಾತ್ರೆಯಿಂದ ಹೊರಗೆ ಇಳಿಯುತ್ತಿತ್ತು. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಇನ್ನೊಮ್ಮೆ ಹೊರಗೆ ನೋಡಿದಳು. ಆಮೇಲೆ, ಮಹಾ ಉಪಕಾರ ಮಾಡುವವಳ ಹಾಗೆ, ಕೈ ಬೀಸಿ ಕರೆದಳು. ಹೊನ್ನಾಜಿ ಬಂದಳು. ಅದರ ಮಾರನೆಯ ದಿನವೂ ಅವಳು ಕಲ್ಲಿನ ಪಕ್ಕವೇ ನಿಂತಳು, ಕೈ ಬೀಸುವವರೆಗೂ ಅಲುಗಲಿಲ್ಲ. ಅದೇ ರೂಢಿಯಾಯಿತು. ಕರೆದು ಕರೆದು ಚೆಲುವಾಜಮ್ಮನಿಗೆ ಸಿಟ್ಟು ಬರುತ್ತಿತ್ತು. ಆದರೆ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ, ಕಲ್ಲಿನ ಪಕ್ಕ ಅವಳಿದ್ದಾಳೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಒಳಗೆ ಇಬ್ಬರೂ ಹೊಸ ಭಾಷೆ ಕಟ್ಟಿದರು. ನಾಲಿಗೆ ಎರಡು ಸಲ ಲೊಚಗುಟ್ಟಿದರೆ ಉಪ್ಪು. ಸೌಟಿನಿಂದ ಪಾತ್ರೆಯ ಅಂಚು ತಟ್ಟಿದರೆ ಉರಿ ಕಡಿಮೆ ಮಾಡು. ಮೂಗು ಹಿಡಿದರೆ ಮರಿಗೌಡರು ಬಂದರು ಎಂದು ಅರ್ಥ, ಏಕೆಂದರೆ ಅವರು ನಶ್ಯ ಹಾಕುತ್ತಾರೆ. ಒಂದು ದಿನ ಮೂಗು ಹಿಡಿದ ಕೂಡಲೇ ಇಬ್ಬರಿಗೂ ನಗು ಬಂತು. ಜಗಳದ ನಡುವೆ ನಗಬಾರದೆಂದು ಚೆಲುವಾಜಮ್ಮ ಒಲೆಯ ಕಡೆ ತಿರುಗಿಕೊಂಡಳು, ಬೆನ್ನು ಕುಲುಕುತ್ತಿತ್ತು. ಇನ್ನೊಂದು ದಿನ ಹೊನ್ನಾಜಿ ಬೆಲ್ಲದ ಅಚ್ಚು ಎತ್ತಿ ಹಿಡಿದು ಹುಬ್ಬು ಏರಿಸಿದಳು. ಚೆಲುವಾಜಮ್ಮ ಭೇದಿ ಔಷಧಿ ಕಂಡವಳ ಹಾಗೆ ಮುಖ ಮಾಡಿದಳು. ಹೊನ್ನಾಜಿ ಅಚ್ಚನ್ನು ಡಬ್ಬಕ್ಕೆ ಹಾಕಿದಳು. ಆಮೇಲೆ ಯಾವಾಗಲೋ ನಾನು ಬಿಸಿನೀರಿಗೆ ಹೋದಾಗ ನೋಡಿದೆ: ಸಾರಿನ ಪಾತ್ರೆಯ ಪಕ್ಕ ಒಂದು ಚೂರು ಬೆಲ್ಲ ಇತ್ತು. ಇಟ್ಟವಳು ಚೆಲುವಾಜಮ್ಮ, ಬೇರೆ ಕಡೆ ನೋಡುತ್ತ ಕಾಯಿ ತುರಿಯುತ್ತಿದ್ದಳು.

ಆ ವರ್ಷದ ಮೊದಲನೇ ಮಾತು ಹಮಾಲರ ಬೀದಿಯ ಕೆಂಪಯ್ಯನ ಬಾಯಿಂದ ಬಂತು. ಮೂಟೆ ಎತ್ತುವಾಗ "ಐಸಾ" ಎಂದ. ಬಾಣಂತಿಯರ ಕಡೆಯವರು ಐಸಾ ಮಾತೇ ಅಲ್ಲ ಎಂದು ಕೈ ತಿರುಗಿಸಿ ತಿರುಗಿಸಿ ವಾದ ಮಾಡಿದರು. ಮರಿಗೌಡರು ತಮಟೆ ಬಡಿಸಿ ಕೆಂಪಯ್ಯನಿಗೆ ರುಮಾಲು ಸುತ್ತಿದರು. ಅಲ್ಲಿಂದ ಮುಂದೆ ಊರಿನ ಬಾಯಿಗಳು ಒಂದೊಂದಾಗಿ ತೆರೆದುಕೊಂಡವು.

ಚೆಲುವಾಜಮ್ಮನಿಗೆ ಒಂದು ಬೆಳಗ್ಗೆ ಹಾಲು ಉಕ್ಕುವಾಗ, ಹಾಲು ಎಂಬ ಮಾತು ಗಂಟಲಿಗೆ ಬಂತು. ಅವಳು ಅದನ್ನು ಹಾಗೇ ನುಂಗಿದಳು. ಮಾತು ಬಂದಿದೆ ಎಂದು ಗೊತ್ತಾದರೆ ಅರ್ಧ ಮಾತು ಮುಗಿಸಬೇಕು. ಅವತ್ತು ನಾಲಿಗೆಯ ಮೇಲಿದ್ದದ್ದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುಗಿಸಿದರೆ ಹೊನ್ನಾಜಿ ಮತ್ತೆ ಆ ಹೊಸಲು ತುಳಿಯುವಂತಿಲ್ಲ, ತಾನೂ ಕರೆಯುವಂತಿಲ್ಲ. ಉಳಿದ ದಾರಿ ಒಂದೇ. ಸುಳ್ಳು ಬರುವವರೆಗೂ ಮೂಕಿಯಾಗಿದ್ದುಬಿಡುವುದು, ಬಂದ ದಿನವೇ ಏನಾದರೊಂದು ಸಿಹಿಯಾದದ್ದು ಸೇರಿಸಿ ಮುಗಿಸುವುದು. ಕಟ್ಟಳೆ ತಪ್ಪಿದ್ದಕ್ಕೆ ಮರಿಗೌಡರು ಬೈದರೆ ಬೈಯಲಿ. ಸುಳ್ಳು ಅವಳ ನಾಲಿಗೆಗೆ ಇನ್ನೂ ಬಂದಿರಲಿಲ್ಲ, ಮುಖಕ್ಕೆ ಮಾತ್ರ ಆಗಲೇ ಬಂದಿತ್ತು.

ಊರೆಲ್ಲ ಹರಟುತ್ತಿದ್ದರೂ ಆ ಮೆಸ್ಸಿನ ಒಳಗೆ ಇಬ್ಬರು ಮೂಕಿಯರು. ಹೊನ್ನಾಜಿಗೂ ಮಾತು ಬಂದ ಹಾಗೆ ಕಾಣಲಿಲ್ಲ, ಪಾಪ. ಮರಿಗೌಡರು ದಿನಾ ಬಂದು ಕೂರುತ್ತಿದ್ದರು.

"ಬಂತೇನವ್ವ, ಚೆಲುವಾಜಿ?"

ಚೆಲುವಾಜಮ್ಮ ತಲೆ ಅಲ್ಲಾಡಿಸಿ "ಆ, ಆ" ಎನ್ನುತ್ತಿದ್ದಳು.

"ನಿನ್ನಂಥ ಮಾತುಗಾತಿಗೆ ಇಷ್ಟು ತಡವಾಗೋದು ಅಂದ್ರೆ ನಂಬಕಾಗಲ್ಲ ಕನವ್ವ."

ಅವಳು ಅವರಿಗೆ ಇನ್ನೊಂದು ಇಡ್ಲಿ ಹಾಕಿ, ನನ್ನ ಅಂಗಡಿಯ ಕಡೆ ನೋಡುತ್ತಿದ್ದಳು. ಬೆಳಗ್ಗೆಯಿಂದ ಸಂಜೆಯವರೆಗೂ ಅವಳ ಕಣ್ಣು ನನ್ನ ಮೇಲೆಯೇ. ನಾನು ಯಾವಾಗ ಸುಳ್ಳು ಹೇಳುತ್ತೇನೆಂದು ಒಬ್ಬ ಹೆಂಗಸು ಅಷ್ಟು ಆಸೆಯಿಂದ ಕಾದದ್ದು ನನ್ನ ಜೀವಮಾನದಲ್ಲೇ ಮೊದಲು. ನನಗೋ ಬರುತ್ತಿರಲಿಲ್ಲ. ಗಿರಾಕಿಗಳು ರವಿಕೆ ಎಲ್ಲಿ ಎಂದರೆ, "ಇನ್ನೂ ಕತ್ತರಿಸೇ ಇಲ್ಲ ಕಣವ್ವ, ನೆನ್ನೆ ಮಧ್ಯಾಹ್ನ ಪೂರ್ತಿ ನಿದ್ದೆ ಮಾಡ್ಬಿಟ್ಟೆ" ಎಂದು ಬಾಯಿ ತಾನಾಗಿಯೇ ಹೇಳಿಬಿಡುತ್ತಿತ್ತು. ಎಂಥ ಬೈಗುಳ ತಿಂದೆನೋ ಅದು ನನಗೇ ಗೊತ್ತು.

ಒಂದು ಮಧ್ಯಾಹ್ನ ಮೆಸ್ಸು ತುಂಬಿತ್ತು. ನಾನೂ ಇದ್ದೆ, ಮರಿಗೌಡರೂ ಇದ್ದರು, ಹೊಸ ರುಮಾಲಿನ ಕೆಂಪಯ್ಯನೂ ಇದ್ದ. ಹೊನ್ನಾಜಿ ಮೇಲಿನ ಅಟ್ಟದಿಂದ ಪಾತ್ರೆ ತೆಗೆಯಲು ಒಲೆಗೆ ಒತ್ತಿ ನಿಂತು ಕೈ ಚಾಚಿದಳು. ಸೆರಗು ಜಾರಿ ಉರಿಗೆ ತಾಗಿತು. ಅವಳಿಗೆ ಗೊತ್ತಾಗಲಿಲ್ಲ.

"ಹೊನ್ನಿ, ಸೆರಗು!"

ಬೀದಿಯ ಆ ತುದಿಗೂ ಕೇಳಿಸುವ ಕೂಗು. ಕೂಗಿದವಳೇ ಓಡಿ ಹೋಗಿ ಹಿಟ್ಟಿನ ಪಾತ್ರೆ ನೆನೆಹಾಕಿದ್ದ ನೀರೆಲ್ಲ ಅವಳ ಮೇಲೆ ಸುರಿದಳು. ಸೆರಗಿನ ಅಂಚು ಮಾತ್ರ ಕರಕಾಗಿತ್ತು. ಹೊನ್ನಾಜಿಗೆ ಏನೂ ಆಗಿರಲಿಲ್ಲ. ಚೆಲುವಾಜಮ್ಮ ಅವಳ ಕೈ, ಕತ್ತು, ಮುಖ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ತಿರುಗಿದರೆ ಇಡೀ ಮೆಸ್ಸು ಅವಳ ಬಾಯಿಯನ್ನೇ ನೋಡುತ್ತಿತ್ತು.

ಮರಿಗೌಡರು ತುತ್ತು ನುಂಗಿದರು. "ಬಂದದಲ್ಲವ್ವ."

ಚೆಲುವಾಜಮ್ಮ ಖಾಲಿ ಪಾತ್ರೆಯನ್ನು ಕೆಳಗಿಟ್ಟಳು.

"ಸುಳ್ಳು ಬಂದಿಲ್ಲ ತಾನೆ ಇನ್ನೂ? ಟೈಲರಪ್ಪ, ನನ್ನ ಅಂಗಿ ಯಾವಾಗ ಕೊಡ್ತಿಯ?"

ಎಲ್ಲರೂ ನನ್ನ ಕಡೆ ತಿರುಗಿದರು. ಚೆಲುವಾಜಮ್ಮನ ಕಣ್ಣು ನೋಡಲಾಗಲಿಲ್ಲ. ನಾಳೆ ಖಂಡಿತ ಎನ್ನಲು ನಾನು ಜೀವ ಬಿಟ್ಟು ಪ್ರಯತ್ನ ಮಾಡಿದೆ. ನಾಲಿಗೆಯನ್ನು ಹಲ್ಲಿಗೆ ಒತ್ತಿ ಹಿಡಿದೆ. ಹೊರಗೆ ಬಂದದ್ದು: "ಗೌಡ್ರೆ, ಆ ಬಟ್ಟೆ ಎಲ್ಲಿಟ್ಟಿವ್ನಿ ಅಂತ ನಂಗೇ ಗೊತ್ತಿಲ್ಲ."

"ಬಂದಿಲ್ಲ" ಎಂದರು ಮರಿಗೌಡರು. "ಮುಗಿಸವ್ವ."

ಚೆಲುವಾಜಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಜೀವನದಲ್ಲಿ ಮೊದಲ ಸಲ ಅವಳು ಗಿಡ್ಡ ಮಾತಾಡಿದಳು. "ಕಾಲಿಡಬೇಡ. ಅದೇ ಬಾಯಲ್ಲಿ ಇದ್ದದ್ದು." ಹೊನ್ನಾಜಿಯ ಕಡೆ ಕೈ ತೋರಿಸಿ, "ಇವತ್ತು ನನ್ನ ಬಾಯಲ್ಲಿ ಅದಿಲ್ಲ ಗೌಡ್ರೆ. ಅವಳು ಬರದಿದ್ರೆ ನಾನು ಒಲೆ ಹಚ್ಚಲ್ಲ" ಎಂದಳು.

ಇವತ್ತಿನದನ್ನು ಕೇಳುವ ಕಟ್ಟಳೆ ಇಲ್ಲ. ಮರಿಗೌಡರಿಗೂ ಅದು ಗೊತ್ತು. ಅವರು ಎಲೆಯ ಮೇಲಿನ ಅನ್ನವನ್ನೇ ನೋಡುತ್ತ, "ಅವತ್ತಿನ ಮಾತೇ ಮಾತು ಕನವ್ವ" ಎಂದರು. ಅವರ ಸ್ವರವೂ ಇಳಿದಿತ್ತು. ಯಾರೂ ಊಟ ಮಾಡುತ್ತಿರಲಿಲ್ಲ.

ಆಗ ಒಲೆಯ ಕಡೆಯಿಂದ ಒಂದು ಸಣ್ಣ ದನಿ ಬಂತು. "ಅದು ಅರ್ಧ ಮಾತಾಗಿದ್ರೆ ತಾನೆ ಮುಗಿಸೋದು?"

ಹೊನ್ನಾಜಿ. ನೀರು ತೊಟ್ಟಿಕ್ಕುತ್ತಿದ್ದ ಸೆರಗನ್ನು ಹಿಂಡುತ್ತ ನಿಂತಿದ್ದಳು. ಚೆಲುವಾಜಮ್ಮ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದಳು. "ನಿಂಗೂ ಬಂದದಾ? ಯಾವಾಗ?"

"ನಿಂಗಿಂತ ಮೊದಲೇ. ಎಲ್ಲರಿಗಿಂತ ಮೊದಲೇ." ಹೊನ್ನಾಜಿ ಮರಿಗೌಡರ ಕಡೆ ತಿರುಗಿದಳು. "ಮಾತು ಹೋಗಿ ಇನ್ನೂ ಸನ್ನೆ ಕಲೀತಿದ್ದೋ ಗೌಡ್ರೆ. ಬೆಳಗ್ಗೆ ಕಲ್ಲಿನ ಹತ್ರ ನಿಂತಿದ್ದೆ. ಇವಳು ಬಾಗಿಲು ತಗ್ದು, ಕೈ ಬೀಸಿ, ಒಳಗೆ ಹೋದ್ಲು. ನನ್ನ ಬಾಯಿಂದ ತಾನಾಗೇ ಬಂತು. 'ಬಂದೆ' ಅಂದ್ಬಿಟ್ಟೆ. ಇವಳಿಗೆ ಕೇಳಿಸ್ನಿಲ್ಲ."

"ಮತ್ತೆ ಯಾಕವ್ವ ಬಾಯಿ ಮುಚ್ಕೊಂಡಿದ್ದೆ?"

"ಹೆದರಿಕೆ ಆಯ್ತು. ನಾನು ಬಾಯಿ ಬಿಟ್ರೆ ಇವಳೂ ಬಿಟ್ಟು ಅವತ್ತಿನದನ್ನ ಮುಗಿಸ್ತಾಳಲ್ಲ ಅಂತ." ಅವಳು ಸೆರಗನ್ನು ಇನ್ನೊಮ್ಮೆ ಹಿಂಡಿದಳು. "ಯಾರೂ ಕೇಳದ ಮಾತು ಲೆಕ್ಕಕ್ಕೆ ಬರ್ತದೋ ಇಲ್ವೋ, ನಂಗೆ ಗೊತ್ತಿಲ್ಲ. ನೀವೇ ಹೇಳಿ. ಇವಳು ಅಡುಗೆಮನೆಗೆ ಅಂತ ನಿಲ್ಲಿಸಿದ್ಲು. ಆಮೇಲೆ ಕೈಯಲ್ಲಿ ಕರೆದ್ಲು. ನಾನು ಬಂದೆ ಅಂದೆ. ಬಂದೂ ಬಂದೆ."

ಮರಿಗೌಡರು ನಶ್ಯದ ಡಬ್ಬಿ ತೆಗೆದರು, ಮತ್ತೆ ಒಳಗಿಟ್ಟರು. "ಚೆಲುವಾಜಿ, ಕೈ ಬೀಸಿ ಕರೆದದ್ದು ದಿಟವಾ?"

"ದಿಟ."

"ಒಂದು ದಿನನಾ?"

"ದಿನಾ."

"ಉತ್ತರ ಸಿಕ್ಕಿದ ಮಾತು ಅರ್ಧ ಮಾತಲ್ಲ" ಎಂದರು ಮರಿಗೌಡರು. "ಅದು ಆವತ್ತೇ ಮುಗ್ದೋಗದೆ. ನೀನೀಗ ಹೇಳಿದ್ದು ದಂಡದ್ದು. ಸಾರು ಹಾಕವ್ವ, ಅನ್ನ ಆರೋಯ್ತು."

ಸುಳ್ಳು ಇನ್ನೂ ಬಂದಿಲ್ಲವೆಂದು ಈಗತಾನೆ ನನ್ನ ಬಾಯಿಂದಲೇ ಸಾಬೀತಾಗಿತ್ತು. ಹಾಗಾಗಿ ಹೊನ್ನಾಜಿಯ ಮಾತನ್ನು ಅನುಮಾನಿಸುವವರು ಯಾರೂ ಇರಲಿಲ್ಲ. ಕೆಂಪಯ್ಯ ಮಾತ್ರ ಲೆಕ್ಕ ಹಾಕುತ್ತಿದ್ದವನು, ತನ್ನ ಐಸಾ ಅದಕ್ಕಿಂತ ಬಹಳ ತಡ ಎಂದು ತಿಳಿದು, ನಿಧಾನವಾಗಿ ರುಮಾಲು ಬಿಚ್ಚಿ ಹೊನ್ನಾಜಿಯ ಮುಂದೆ ಹಿಡಿದ. ಅವಳು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಅದರಲ್ಲೇ ಬಿಸಿ ಸಾರಿನ ಪಾತ್ರೆ ಹಿಡಿದು ಇಳಿಸಿದಳು. ಮಾತು ಹುಟ್ಟಿದ್ದು ಭಾರ ಎತ್ತಿದ್ದರಿಂದಲೋ ಹುಲಿ ಬಂದದ್ದರಿಂದಲೋ ಎಂಬ ಜಗಳ ನಮ್ಮ ಊರಿನಲ್ಲಿ ಇನ್ನೂ ನಿಂತಿಲ್ಲ. ನಾನು ಮಾತ್ರ ಆ ಮಧ್ಯಾಹ್ನದಿಂದ ಪಕ್ಷ ಬದಲಾಯಿಸಿದ್ದೇನೆ. ಯಾರೋ ಕರೆದರು, ಇನ್ಯಾರಿಗೋ ಬಂದೆ ಎನ್ನಬೇಕೆನಿಸಿತು, ಅಷ್ಟೇ ಇರಬೇಕು.

ಚೆಲುವಾಜಮ್ಮ ಒಳಗೆ ಹೋದಳು. ಒಂದು ಒಣ ಸೀರೆ ತಂದು ಹೊನ್ನಾಜಿಯ ಕೈಗೆ ಕೊಟ್ಟು, ಹೊಗೆ ಕಣ್ಣಿಗೆ ಹೋಯಿತು ಎಂದು ಹೇಳಲು ನೋಡಿದಳು. ಆ ದಿನ ಅದು ಬಾಯಿಗೆ ಬರುವಂತಿರಲಿಲ್ಲ. "ಅಳು ಬಂತು ಕಣೆ" ಎಂದಳು.

ಎರಡು ದಿನ ಬಿಟ್ಟು ಬೆಳಗ್ಗೆ ನಾನು ಅಂಗಡಿ ಬಾಗಿಲು ತೆಗೆಯುತ್ತಿದ್ದೆ. ಎದುರುಗಡೆ ಹೊನ್ನಾಜಿ ಸಾರಿಗೆ ಧಾರಾಳವಾಗಿಯೇ ಬೆಲ್ಲ ಹಾಕಿ ಕುದಿಸಿದ್ದಳು. ಚೆಲುವಾಜಮ್ಮ ಸೌಟಿನಲ್ಲಿ ಒಂದಿಷ್ಟು ತೆಗೆದು, ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಮುಖ ಗಂಟು ಹಾಕಿದಳು.

"ಥೂ, ಏನ್ ಸಾರೋ ಇದು. ಬಾಯಿಗಿಡಂಗಿಲ್ಲ" ಎಂದು ಇನ್ನೊಂದು ಸೌಟು ತೆಗೆದುಕೊಂಡಳು.

ಹೊನ್ನಾಜಿ ಅವಳನ್ನು ನೋಡಿದಳು, ಸೌಟನ್ನು ನೋಡಿದಳು. ಆಮೇಲೆ ಕೈ ಒರೆಸಿಕೊಳ್ಳುತ್ತ ಬೀದಿಗೆ ಬಂದು ನನ್ನ ಕಡೆ ಕೂಗಿ ಹೇಳಿದಳು:

"ಟೈಲರಪ್ಪ, ಡಂಗುರ ಹೊಡಿಯೋಕೆ ಹೇಳು. ಸುಳ್ಳು ಬಂತು."